ಗ್ಲೌಸು ಯಾರ ಸಲುವಾಗಿ

"ಈ ರೋಗ ಯಾರಿಗೂ ಹತ್ತೂದಿಲ್ಲ ಅಂತೀರಿ, ಮತ್ತ ಗ್ಲೌಸು ಯಾಕ ಹಾಕ್ಕೊಂಡೀರಿ?" ಅಂಬರೀಶ ಡಾಕ್ಟರ ಮುಂದೆ ಚಾಚಿದ್ದ ತೋಳನ್ನು ರಪ್ಪನೆ ಹಿಂದಕ್ಕೆಳೆದುಕೊಂಡ. ದೇವದುರ್ಗದ ಚರ್ಮರೋಗ ಶಿಬಿರದಲ್ಲಿ ಸಾಲು ಹಚ್ಚಿದ್ದವರೆಲ್ಲ ತಿರುಗಿ ನೋಡಿದರು. ಸೋರಿಯಾಸಿಸ್ ಎದ್ದ ಅವನ ಮೊಣಕೈಯಿಂದ ಬಿಳಿ ಹೊಟ್ಟು ಮೇಜಿನ ಮೇಲೆ ಉದುರಿತ್ತು. ಮೂರು ವರ್ಷದಿಂದ ಮನೆಯಲ್ಲಿ ಅವನ ತಾಟು ಬೇರೆ, ಚೊಂಬು ಬೇರೆ. ಅಣ್ಣ ಮೌನಪ್ಪನಂತೂ ತನ್ನ ಕೂಸನ್ನು ಒಂದು ದಿನವೂ ಅವನ ಕೈಗೆ ಕೊಟ್ಟವನಲ್ಲ. ಇವತ್ತು ಜೊತೆಗೆ ಬಂದಿದ್ದರೂ ಮೂಗಿಗೆ ಟವೆಲ್ಲು ಒತ್ತಿಕೊಂಡು ಬಾಗಿಲಾಚೆಯೇ ನಿಂತಿದ್ದ.

ರಾಯಚೂರಿನಿಂದ ಬಂದಿದ್ದ ಸಂಶೋಧಕಿ ಡಾಕ್ಟರ್ ಉಮಾದೇವಿಗೆ ಅವನ ಚರ್ಮದ ಒಂದು ತುಣುಕು ಬೇಕಿತ್ತು, ಕಡಲೆಬೇಳೆಯಷ್ಟು. "ನಿನ್ನ ಮೈ ಕಾಯೋ ಪಡೆಗೆ ಯಾರೋ ಸುಳ್ಳು ಸುದ್ದಿ ಮುಟ್ಟಿಸ್ಯಾರ ತಮ್ಮಾ. ಅದು ನಿನ್ನ ಚರ್ಮಾನೇ ವೈರಿ ಅಂತ ತಿಳಿದು ಬಡಿಯಾಕತ್ತದ. ಆ ಸುದ್ದಿ ಎಲ್ಲಿಂದ ಹೊಂಡ್ತದ ಅಂತ ಹುಡುಕಾಕತ್ತೀನಿ."

"ಪಾಠ ಬ್ಯಾಡ್ರಿ ಮೇಡಂ. ಗ್ಲೌಸಿನ ಮಾತು ಹೇಳ್ರಿ."

"ಅದು ನನ್ನ ಸಲುವಾಗಿ ಅಲ್ಲಪ್ಪ, ನಿನ್ನ ಸಲುವಾಗಿ. ತುಣುಕು ತೆಗೆದ ಜಾಗಾ ಹಸಿ ಗಾಯ ಇರ್ತದ. ನನ್ನ ಕೈಯಾಗಿನ ಹೊಲಸು ನಿನಗ ಹತ್ತಬಾರದು."

ಅಂಬರೀಶ ಅವಳ ಕೈಯನ್ನೇ ನೋಡಿದ. ಆಮೇಲೆ ತಾನಾಗಿ ತೋಳನ್ನು ಮೇಜಿನ ಮೇಲಿಟ್ಟ.

"ಏನಂತಾರಲೇ ಮೇಡಂ?" ಎನ್ನುತ್ತ ಮೌನಪ್ಪ ಬಾಗಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟ.

"ಅಲ್ಲೇ ನಿಂದ್ರಣ್ಣಾ!" ಶಿಬಿರಕ್ಕೆಲ್ಲ ಕೇಳುವಂತೆ ಅಂಬರೀಶ ಒದರಿದ. "ನಿನ್ನ ಹೊಲಸು ನನಗ ಹತ್ತೀತು!"