ಹಳ್ಳದಾಚೆಯ ನಲವತ್ತೊಂದು ಮತ

ಕಲ್ಲುಕೊಡಿಗೆಯ ಜನ ಸುಳ್ಳು ಹೇಳಿದ್ದಾರೆ. ದಾರಿಯುದ್ದಕ್ಕೂ ಶಿವಕಿರಣನ ತಲೆಯಲ್ಲಿ ಇದೊಂದೇ ಮಾತು. ಪ್ಯಾಂಟು ಮಡಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳಕ್ಕಿಳಿದ. ಬೇಸಿಗೆಯ ಆರಂಭ. ನೀರು ಮೊಣಕಾಲಿಗೂ ಬರಲಿಲ್ಲ.

ಅವನು ಬಾಳಗಡಿಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕ. ಹಳ್ಳಿಯವರು ತಮ್ಮ ಪ್ರತಿನಿಧಿಯನ್ನು ಹೇಗೆ ಆರಿಸುತ್ತಾರೆ ಎಂಬುದರ ಮೇಲೆ ಆರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ. ಶುಕ್ರವಾರ ಪಂಚಾಯಿತಿ ಚುನಾವಣೆ. ಅದಕ್ಕೆ ಐದು ದಿನ ಮೊದಲು, ಕಾಲೇಜಿಗೆ ರಜೆಯಿದ್ದ ಭಾನುವಾರ, ಸೀತೂರಿನಾಚೆಯ ಈ ಕೇರಿಗೆ ಬಂದು ನಲವತ್ತೊಂದು ಮತದಾರರ ಅಭಿಪ್ರಾಯ ಸಂಗ್ರಹಿಸಿದ್ದ. ಮೂವತ್ತೆಂಟು ಜನ ನೀಲಾಂಬಿಕೆಯ ಕಡೆ. ಮೂವರು ಪರಮಶಿವಯ್ಯನ ಕಡೆ. ನೀಲಾಂಬಿಕೆಯ ಗೆಲುವು ಖಚಿತವೆಂದು ಮಾರ್ಗದರ್ಶಕರಿಗೆ ಬರೆದು ಕಳಿಸಿದ.

ನೀಲಾಂಬಿಕೆ ಹತ್ತೊಂಬತ್ತು ಮತಗಳಿಂದ ಸೋತಳು.

"ಜನ ನಿಮ್ಮೆದುರು ಒಂದು ಹೇಳ್ತಾರೆ, ಪೆಟ್ಟಿಗೆಗೆ ಇನ್ನೊಂದು ಹಾಕ್ತಾರೆ," ಎಂದರು ಮಾರ್ಗದರ್ಶಕರು ಫೋನಿನಲ್ಲಿ. "ಆ ಅಧ್ಯಾಯವನ್ನೇ ಬಿಟ್ಟುಬಿಡಿ."

ಬಿಡುವುದು ಹೇಗೆ? ಬಾಯಿಮಾತನ್ನು ನಂಬಬಾರದೆಂದು ತಾನೇ ಅವನು ಅಷ್ಟು ಶ್ರಮಪಟ್ಟದ್ದು! ಕೊಪ್ಪದಲ್ಲಿ ತಗಡಿನ ಪೆಟ್ಟಿಗೆ ಮಾಡಿಸಿ ಬೀಗ ಹಾಕಿಸಿದ್ದ. ನೀಲಾಂಬಿಕೆಯ ಹೊಲಿಗೆ ಯಂತ್ರ, ಪರಮಶಿವಯ್ಯನ ಕೊಡೆ, ಎರಡೂ ಗುರುತಿದ್ದ ಚೀಟಿ ಅಚ್ಚು ಹಾಕಿಸಿದ್ದ. ಕೇರಿಯ ಹಿರಿಯ ದೇವಪ್ಪನ ಜಗಲಿಯ ಮೂಲೆಗೆ ಸೀರೆಯ ಮರೆ ಕಟ್ಟಿಸಿದ್ದ. ಇದು ಶೈಕ್ಷಣಿಕ ಉದ್ದೇಶದ ಮತಾಭಿಪ್ರಾಯ ಸಂಗ್ರಹಣೆ ಎಂಬ ಮುದ್ರಿತ ಹೇಳಿಕೆಯನ್ನು ನಿಯಮದಂತೆ ಗಟ್ಟಿಯಾಗಿ ಓದಿದ್ದ. ಎಲ್ಲರೂ ತಲೆಯಾಡಿಸಿದ್ದರು. "ಒಬ್ಬರಿಗೆ ಒಂದೇ ಚೀಟಿ. ಎರಡು ಸಲ ಹಾಕುವಂತಿಲ್ಲ," ಎಂದೂ ಎಚ್ಚರಿಸಿದ್ದ. ಒಬ್ಬಳು ಮುದುಕಿ ಚೀಟಿ ಹಾಕಿ ಎಡಗೈ ಬೆರಳು ಚಾಚಿದಾಗ ನಗು ಬಂದು ಪೆನ್ನಿನಿಂದ ಒಂದು ಚುಕ್ಕೆ ಇಟ್ಟಿದ್ದ. ಆಮೇಲೆ ಬಂದವರೆಲ್ಲ ಬೆರಳು ಚಾಚಿದ್ದರು.

ಹೊರಡುವಾಗ ದೇವಪ್ಪ ಕೈಮುಗಿದಿದ್ದ. "ಎಂತದಕ್ಕೂ ಐದು ಮೈಲಿ ನಡೀಬೇಕು ಅಂತ ಮೂರು ಅರ್ಜಿ ಕೊಟ್ಟಿದ್ವಿ. ಯಾರೂ ಈ ಹಳ್ಳ ದಾಟಿ ಬರ್ಲಿಲ್ಲ. ನೀವಾದ್ರೂ ಬಂದ್ರಲ್ಲ ಮೇಷ್ಟ್ರೆ."

ಅಂಥ ದೇವಪ್ಪನೂ ಸುಳ್ಳುಗಾರನೇ? ಹೋದ ಆಷಾಢದಲ್ಲಿ ಹಳ್ಳ ತುಂಬಿ, ಆಸ್ಪತ್ರೆಗೆ ದಾಟಿಸಲಾಗದೆ ಅವನ ಹೆಂಡತಿ ಸರೋಜ ಈ ದಡದಲ್ಲೇ ಪ್ರಾಣಬಿಟ್ಟಿದ್ದಳು. ಗೆದ್ದರೆ ಮೊದಲು ಹಳ್ಳ ದಾಟಲು ಕಾಲುಸಂಕ ಎಂದು ನೀಲಾಂಬಿಕೆ ಮಾತು ಕೊಟ್ಟಿದ್ದಳು. ಹತ್ತು ಮನೆಗೊಂದು ಸಂಕವೇ ಎಂದು ನಕ್ಕವನು ಪರಮಶಿವಯ್ಯ.

ಇವತ್ತು ಬರುವ ದಾರಿಯಲ್ಲಿ ಶಿವಕಿರಣ ನೀಲಾಂಬಿಕೆಯನ್ನೂ ಕಂಡಿದ್ದ. ಅವಳು ಮುಖ ತಿರುಗಿಸಿದಳು. "ಶುಕ್ರವಾರ ಬೆಳಿಗ್ಗೆ ಹಳ್ಳದವರೆಗೆ ಜೀಪ್ ಕಳಿಸಿದ್ದೆ. ನಮ್ದೆಲ್ಲ ಆಗ್ಲೇ ಆಯ್ತು ಅಂತ ವಾಪಸ್ ಕಳಿಸಿದ್ರು. ನನ್ನ ಜೀಪು ಹತ್ತೋಕೂ ನಾಚಿಕೆ ಆಯ್ತೇನೋ! ಇನ್ನು ಆ ಕೇರಿ ಸುದ್ದಿ ನನ್ನ ಹತ್ರ ಎತ್ತಬೇಡಿ ಮಾರಾಯ್ರೆ."

ದೇವಪ್ಪ ಜಗಲಿಯಲ್ಲೇ ಕೂತಿದ್ದ. ನೆಲ ನೋಡುತ್ತಿದ್ದ.

"ಯಾರಿಗೆ ಹಾಕಿದ್ರಿ ದೇವಪ್ಪ?" ಶಿವಕಿರಣ ನಿಂತೇ ಕೇಳಿದ.

"ಎಂತ ಕೇಳ್ತೀರಿ! ಹೊಲಿಗೆ ಮಿಷನ್ನಿಗೆ."

"ಎಲ್ರೂ?"

"ಮೂರು ಜನ ಬಿಟ್ಟು ಎಲ್ರೂ. ಆ ಮೂವರು ಯಾರು ಅಂತ್ಲೂ ಗೊತ್ತು. ಹೋಗ್ಲಿ ಬಿಡಿ, ಅವರಿಷ್ಟ."

ಲೆಕ್ಕ ತಾಳೆಯಾಯಿತು. ಅದರಿಂದ ಅವನ ಸಿಟ್ಟು ಇನ್ನೂ ಏರಿತು. ಥಟ್ಟನೆ ದೇವಪ್ಪನ ಎಡಗೈ ಹಿಡಿದು ಬೆಳಕಿಗೆ ತಿರುಗಿಸಿದ. ಬೆರಳು ಶುಭ್ರವಾಗಿತ್ತು. ಮತದಾನ ಮುಗಿದು ಒಂದು ವಾರವೂ ಆಗಿರಲಿಲ್ಲ.

"ಶಾಯಿ ಎಲ್ಲಿ?"

"ಎರಡು ಸ್ನಾನಕ್ಕೆ ಹೋಯ್ತು. ಈ ಸಲ ಶಾಯಿಗೂ ನೀರು ಬೆರೆಸಿದ್ದಾರೆ ಮಾರಾಯ್ರೆ!" ದೇವಪ್ಪ ನಗಲು ನೋಡಿದ. ನಗು ಬರಲಿಲ್ಲ.

"ಪರಮಶಿವಯ್ಯ ಎಷ್ಟು ಕೊಟ್ಟ?"

ದೇವಪ್ಪ ಎದ್ದ. ಒಳಗೆ ಹೋಗಿ ದೇವರ ಮುಂದಿನ ದೀಪ ತಂದು ಜಗಲಿಯ ಮೇಲಿಟ್ಟ. ಅದರ ಮೇಲೆ ಕೈ ಹಿಡಿದ. "ಆವತ್ತು ತಲೆಗೆ ಸ್ನಾನ ಮಾಡಿ, ದೇವ್ರಿಗೆ ಕೈಮುಗಿದು, ಸರೋಜನ ನೆನೆಸ್ಕೊಂಡು ಹಾಕಿದ್ದೀನಿ. ಸುಳ್ಳಾದ್ರೆ ಈ ಮನೇಲಿ ದೀಪ ಉರಿಯೋದು ಬೇಡ." ಕಾವು ತಾಗಿದರೂ ಕೈ ಸರಿಸಲಿಲ್ಲ. "ನೀವು ಓದಿದವರು. ನೀವೇ ಹೇಳಿ, ನಮ್ಮ ಮತ ಎಲ್ಲಿ ಹೋಯ್ತು?"

ಶಿವಕಿರಣ ಮೆಲ್ಲನೆ ಆ ಕೈ ಹಿಡಿದು ದೀಪದ ಮೇಲಿಂದ ತೆಗೆದ. ಈ ಮನುಷ್ಯ ಸುಳ್ಳು ಹೇಳುವವನಲ್ಲ. ಹಾಗಾದರೆ ಕಳ್ಳತನ ಬೇರೆಲ್ಲೋ ನಡೆದಿದೆ. ಹತ್ತೊಂಬತ್ತರ ಸೋಲು, ಮೂವತ್ತೆಂಟು ಮತ ಮಾಯ! ಬಡವರ ಮತವನ್ನು ಯಾರೋ ನುಂಗಿದ್ದಾರೆ. ಅವನ ಸಿಟ್ಟಿಗೆ ಹೊಸ ದಾರಿ ಸಿಕ್ಕಿತು.

"ಅರ್ಜಿ ಕೊಡೋಣ," ಎಂದ. "ಮರು ಎಣಿಕೆ ಆಗ್ಲಿ. ಯಾರು ಕದ್ದಿದ್ರೂ ಬಿಡೋದಿಲ್ಲ. ನಾನೇ ಬರೀತೀನಿ, ನಾನೇ ಕೋರ್ಟಿಗೂ ಬರ್ತೀನಿ."

ದೇವಪ್ಪನ ಕಣ್ಣು ತುಂಬಿತು. ಕರೆದ ಕೂಡಲೇ ಕೇರಿಯವರೆಲ್ಲ ಅಂಗಳಕ್ಕೆ ಬಂದರು. ಶಿವಕಿರಣ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡ. 'ಕಲ್ಲುಕೊಡಿಗೆಯ ನಲವತ್ತೊಂದು ಮತದಾರರಾದ ನಾವು' ಎಂದು ಬರೆದು ತಲೆಯೆತ್ತಿದ.

"ಎಲ್ಲ ಸರಿಯಾಗಿ ದಾಖಲಾಗ್ಬೇಕು. ನೀವು ಮತ ಹಾಕಿದ ದಿನ, ಜಾಗ ಹೇಳಿ."

ದೇವಪ್ಪ ಅವನನ್ನೇ ಅಚ್ಚರಿಯಿಂದ ನೋಡಿದ.

"ಎಂತ ಮೇಷ್ಟ್ರೆ, ಮರ್ತೇ ಹೋಯ್ತಾ? ಭಾನುವಾರ, ಇದೇ ಜಗಲಿಯಲ್ಲಿ, ನೀವು ತಂದ ಪೆಟ್ಟಿಗೆಗೆ."