ಅಜ್ಜಿಯ ಪಾಳಿ

ಈ ಬೆಳಿಗ್ಗೆ ಸ್ಟೇಷನ್ ರಸ್ತೆಯ ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚಿದಾಗ ಅದೇ ವಾಸನೆ ಬಂತು.

ನನ್ನ ಬಾಲ್ಯದ ಒಂದು ಲೋಕಸಭೆ ಉಪಚುನಾವಣೆಯ ದಿನ, ಮಧ್ಯಾಹ್ನ ಮೂರು ಗಂಟೆ, ಕಳ್ಳಕವಟಗಿಯ ನಮ್ಮ ಮನೆ. ಇದ್ದವರು ಅಜ್ಜಿ, ಸೋದರತ್ತೆ ಮತ್ತು ನಾನು. ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದ ಅಜ್ಜನ ದೇಹವೂ ಇತ್ತು.

ಅಜ್ಜ ಬೆಳಿಗ್ಗೆ ಮತ ಹಾಕಿ ಬಂದು, ನೀರು ಕುಡಿದು ಮಲಗಿದವರು ಏಳಲಿಲ್ಲ. ಎಮ್ಮೆ ಈಯುವುದರಲ್ಲಿದ್ದುದರಿಂದ ಮನೆಯಲ್ಲಿ ಒಬ್ಬರು ಇರಲೇಬೇಕಿತ್ತು. ಹಾಗಾಗಿ ಮೊದಲು ಅಜ್ಜ, ಆಮೇಲೆ ಅಜ್ಜಿ ಎಂದು ಪಾಳಿ ಮಾಡಿಕೊಂಡಿದ್ದರು.

ಅಜ್ಜಿ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು.

"ಎಲ್ಲಿಗಿ ಹೊಂಟಿಬೇ?" ಅತ್ತೆ ಕೇಳಿದಳು.

"ಓಟ್ ಹಾಕಿ ಬರ್ತೀನಿ. ಐದಕ್ಕ ಬಾಗಲಾ ಹಾಕ್ತಾರ."

"ಅಪ್ಪನ್ನ ಹಿಂಗ ಕುಂದ್ರಿಸಿ? ಮಂದಿ ಉಗುಳ್ತಾರ. ದಿಲ್ಲಿಗಿ ಕಳಿಸಿದ ಎಂಪಿ ಸತ್ತಾನಂತ ಈ ಎಲೆಕ್ಷನ್ ಬಂತು. ನಮ್ಮ ಮನಿ ಹಿರ್ಯಾ ಸತ್ತರ ನೀ ಓಟಿಗೇ ಓಡ್ತಿ."

"ನಿಮ್ಮಪ್ಪನೇ ಹೇಳ್ಯಾನ, ನಾ ಬಂದ ಮ್ಯಾಲ ನೀ ಹೋಗಂತ. ಬಂದಾನಲ್ಲ."

ನನ್ನತ್ತ ತಿರುಗಿ, "ನೊಣ ಕುಂದ್ರದಂಗ ನೋಡ್ಕೋ" ಎಂದಳು. ನಾನು ಟವೆಲ್ ಬೀಸುತ್ತ ಕುಳಿತೆ. ತೊಡೆಯ ಮೇಲಿಟ್ಟಿದ್ದ ಅಜ್ಜನ ಎಡಗೈಯಲ್ಲಿ ಶಾಯಿಯ ಗೆರೆ ಉಗುರಿನಿಂದ ಚರ್ಮಕ್ಕೆ ಇಳಿದಿತ್ತು. ಬೆರಳು ತಣ್ಣಗಿತ್ತು, ಶಾಯಿಯ ವಾಸನೆ ಇನ್ನೂ ಇತ್ತು.

ಅವಳು ಮರಳುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದ್ದರು. ಅವಳನ್ನು ಕಂಡು ದಾರಿ ಬಿಟ್ಟರು. ಅಜ್ಜಿ ನೇರವಾಗಿ ಒಳಗೆ ಬಂದು, ಅಜ್ಜನ ಎದುರು ಕುಳಿತು, ತನ್ನ ಬೆರಳು ತೋರಿಸಿದಳು.

"ಹಾಕಿ ಬಂದ್ನಿ."

ಸಂಜೆ ಮಣ್ಣು ಮಾಡಿ ಬಂದ ಮೇಲೆ, ಯಾರು ಬೇಡವೆಂದರೂ ಕೇಳದೆ, ಇನ್ನೂ ಈಯದಿದ್ದ ಎಮ್ಮೆಗೆ ತಾನೇ ನೀರು ಕುಡಿಸಿ ಬಕೆಟ್ ಬೋರಲು ಹಾಕಿದಳು.