ಲಕ್ಕಮ್ಮನ ಬೂದಿ

ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಕಂಪನಿಯ ನಾಲೆಯ ನೀರು ಮುಟ್ಟುವುದಿಲ್ಲ. ದುಡಿಮೆ ಬಿಟ್ಟ ವರ್ಷ ನನ್ನ ಹೆಸರು ತೆಗೆದರು. ನಲವತ್ತು ವರ್ಷ ಇದೇ ನೀರಿನಲ್ಲಿ ನಿಂತು ನಾಟಿ ಹಾಕಿದ ನನ್ನ ಹೆಂಡತಿ ಲಕ್ಕಮ್ಮನ ಹೆಸರನ್ನು ಅವಳು ಸತ್ತ ದಿನವೇ ತೆಗೆದರು. ಹೊಳೆಯೆಲ್ಲ ಈಗ ನಾಲೆಯೊಳಗೇ ಹರಿಯುವುದರಿಂದ ಅವಳ ಬೂದಿಯನ್ನು ಅಲ್ಲಿಗೇ ಒಯ್ದೆ.

ಗೋವಿಂದನನ್ನು ನೆನೆದು ಒಂದು ಹಿಡಿ ಬಿಟ್ಟೆ. ನೀರು ಅತ್ತಿತ್ತ ಸರಿಯಿತು. ಬೂದಿ ನಾಲೆಯ ಒಣ ತಳದ ಮೇಲೆ ಬಿತ್ತು.

ನಾಲೆಯ ನೀರು ಬಿಡುವ ನೀರಗಂಟಿ ಸಿದ್ದಲಿಂಗ ಓಡಿ ಬಂದ. "ತಾತ, ಗೊಬ್ಬರ ಅಂತ ಪಟ್ಟೀಲಿ ಬರೆಸ್ಬುಡು. ನೀರು ತಕ್ಷಣ ಎಳ್ಕೊತದೆ."

"ನಿಮ್ಮವ್ವಂಗೂ ಹಂಗೇ ಬರೆಸ್ದೇನ್ಲಾ?"

ಅವನು ತಲೆ ತಗ್ಗಿಸಿದ. "ಊಂ ಕಣ್ತಾತ. ಇನ್ನೇನ್ ಮಾಡ್ಲಿ?"

ನನ್ನ ಮೈ ಉರಿಯಿತು. ಬೂದಿಯ ಕುಡಿಕೆಯನ್ನು ಎದೆಗೊತ್ತಿಕೊಂಡು ನಾಲೆಗಿಳಿದೆ. ನೀರು ನನಗೂ ಹೇಸಿ ದಾರಿ ಬಿಟ್ಟಿತು. ನಡೆದು ಹೋಗಿ ತೂಬಿನ ಇಕ್ಕಟ್ಟಾದ ಬಾಯಿಗೆ ಅಡ್ಡ ಕುಳಿತೆ. ಅಲ್ಲಿ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ನನ್ನನ್ನು ಮುಟ್ಟಲಾರದೆ ನೀರು ಬೆನ್ನ ಹಿಂದೆ ಗೋಡೆಯಂತೆ ಏರತೊಡಗಿತು.

"ತಾತಾ, ಎದ್ದೇಳು! ಆರು ಊರ್ನ ಗದ್ದೆ ಒಣಗ್ತವೆ!"

"ಕಂಪನಿಯೋರ್ನ ಕರಿ," ಎಂದೆ. "ಲಕ್ಕಮ್ಮ ಅಂತ ಬರ್ಕೊಳ್ಲಿ. ಆಮೇಲೆ ಏಳ್ತೀನಿ."